ಕೊನೆಯ ಮಾತು ಕಿವಿಯದ್ದೇ: ಧ್ವನಿ ಮಿಶ್ರಣಕಾರರ ಪ್ರಣಾಳಿಕೆ

ಸ್ಟುಡಿಯೋದಲ್ಲಿ, ಸಭಾಂಗಣದಲ್ಲಿ, ಆಟದ ಬಯಲಿನಲ್ಲಿ ಕನ್ಸೋಲಿನ ಹಿಂದೆ ಕೂರುವ ನಾವು ಈ ಪ್ರಣಾಳಿಕೆಯನ್ನು ಹೊರಡಿಸುತ್ತಿದ್ದೇವೆ. ಸಾಫ್ಟ್‌ವೇರನ್ನು ಓಡಿಸಬೇಕೆಂಬ ಹಟ ನಮಗಿಲ್ಲ. ಹಾಡು ಹೇಗೆ ಕೇಳಿಸಬೇಕೆಂಬ ತೀರ್ಮಾನ ಮನುಷ್ಯರದ್ದಾಗಿರಬೇಕು, ಅದಕ್ಕೆ ಒಬ್ಬರು ಹೆಸರು ಹಾಕಿ ಹೊಣೆ ಹೊರಬೇಕು. ನಮ್ಮ ತಕರಾರು ಇಷ್ಟೇ.

ಒಪ್ಪುವುದೇನು

ಈ ಕಸುಬಿಗೆ ಯಂತ್ರ ಹೊಸದೇನಲ್ಲ. ಹಲವು ಮೈಕ್‌ಗಳ ಮಟ್ಟವನ್ನು ತಾನೇ ಹೊಂದಿಸುವ ಮಿಕ್ಸರನ್ನು ಅಮೆರಿಕದ ಡ್ಯಾನ್ ಡೂಗನ್ 1970ರ ದಶಕದಲ್ಲೇ ರೂಪಿಸಿದರು; ವಿಚಾರಗೋಷ್ಠಿಗೆ ಅದು ಇಂದಿಗೂ ದೊಡ್ಡ ಉಪಕಾರಿ. ತೈಲ ನಿಕ್ಷೇಪ ಹುಡುಕುವ ವಿದ್ಯೆಯಿಂದ ಬಂದ ಆಂಡಿ ಹಿಲ್ಡೆಬ್ರಾಂಡ್ 1997ರಲ್ಲಿ ಶ್ರುತಿ ತಿದ್ದುವ ಆಟೋ-ಟ್ಯೂನ್ ತಂದರು. 2014ರಲ್ಲಿ ಲ್ಯಾಂಡರ್ ಎಂಬ ಆನ್‌ಲೈನ್ ಸೇವೆ ಮಾಸ್ಟರಿಂಗನ್ನೇ ಯಂತ್ರಕ್ಕೆ ಒಪ್ಪಿಸಿತು. 2023ರಲ್ಲಿ ಬೀಟಲ್ಸ್‌ನ ‘ನೌ ಆಂಡ್ ದೆನ್’ ಬಂತು. ಹಳೆಯ ಕ್ಯಾಸೆಟ್ಟಿನಲ್ಲಿ ಪಿಯಾನೋದೊಡನೆ ಕಲಸಿಹೋಗಿದ್ದ ಜಾನ್ ಲೆನನ್ ದನಿಯನ್ನು ಬಿಡಿಸಿಕೊಟ್ಟದ್ದು ಯಂತ್ರ. ಅದನ್ನು ಹಾಡಿನಲ್ಲಿ ಎಲ್ಲಿ ಕೂರಿಸಬೇಕೆಂದು ನಿರ್ಧರಿಸಿದವರು ಮನುಷ್ಯರು. ಈ ಕೆಲಸ ಹಂಚಿಕೆ ನಮಗೆ ಪೂರ್ತಿ ಒಪ್ಪಿಗೆ.

ಒಪ್ಪದಿರುವುದೇನು

ದನಿ ಬೇರ್ಪಡಿಸುವ ಸಂಶೋಧನೆಯಲ್ಲಿ ಬಹುವಾಗಿ ಬಳಕೆಯಾಗುವ ಮ್ಯೂಸ್‌ಡಿಬಿ18 ಸಂಗ್ರಹದಲ್ಲಿ 150 ಹಾಡುಗಳಿವೆ, ಖಾನೆಗಳು ನಾಲ್ಕು: ಗಾಯನ, ಡ್ರಮ್ಸ್, ಬೇಸ್, ಇತರೆ. ನಮ್ಮ ಕಛೇರಿಯನ್ನು ಈ ಅಳತೆಗೆ ಒಡ್ಡಿದರೆ ಪಿಟೀಲು, ವೀಣೆ, ತಂಬೂರಿ ಎಲ್ಲವೂ ‘ಇತರೆ’. ಶ್ರುತಿಗೆ ಕೂಡಿಸಿದ ಮೃದಂಗದ ಬಲ ಮುಚ್ಚಿಗೆಯ ನಾದಕ್ಕೆ ಅಲ್ಲಿ ಜಾಗವೇ ಇಲ್ಲ.

ತೋಡಿಯ ಗಾಂಧಾರ ತೂಗುವ ಸ್ವರ. ಹನ್ನೆರಡು ಮನೆಯ ಲೆಕ್ಕಕ್ಕೆ ಬಿಟ್ಟ ಪಿಚ್ ತಿದ್ದುವ ಸಾಧನ ಆ ಕಂಪಿತವನ್ನು ಅಪಸ್ವರವೆಂದು ಬಗೆದು ಹತ್ತಿರದ ಮನೆಗೆ ಎಳೆಯುತ್ತದೆ. ತಂಬೂರಿಯ ತಂತಿಯಡಿ ನೂಲನ್ನು ಕೂದಲೆಳೆಯಷ್ಟು ಸರಿಸಿ ಬರಿಸಿದ ಝೇಂಕಾರವನ್ನು ಗದ್ದಲ ತೆಗೆಯುವ ಪ್ಲಗಿನ್ ಗದ್ದಲದ ಲೆಕ್ಕಕ್ಕೇ ಸೇರಿಸಿಬಿಡಬಹುದು.

ಆಲಾಪನೆಯಲ್ಲಿ ಗಾಯಕಿ ತಾರ ಷಡ್ಜ ಮುಟ್ಟಿ ಉಸಿರಿಗೆಂದು ನಿಂತಾಗ ಏನಾಗುತ್ತದೆ ನೋಡಿ. ದನಿ ಇಳಿಯಿತೆಂದು ಮಟ್ಟ ಸಮಮಾಡುವ ಸಾಧನ ಗೇನ್ ಏರಿಸುತ್ತದೆ. ತಂಬೂರಿ ಉಬ್ಬಿ ಬರುತ್ತದೆ, ಜೊತೆಗೆ ಫ್ಯಾನಿನ ಸದ್ದೂ. ಆಕೆ ಮುಂದಿನ ಪ್ರಯೋಗ ಎತ್ತಿಕೊಂಡೊಡನೆ ಅದೆಲ್ಲ ಧಡಕ್ಕನೆ ಕುಸಿಯುತ್ತದೆ. ಸಂಗೀತ ಬಲ್ಲವರು ಆ ಜಾಗದಲ್ಲಿ ಗಾಯನದ ಫೇಡರ್ ಮುಟ್ಟುವುದಿಲ್ಲ. ಪಿಟೀಲು ಆಕೆಯ ಕೊನೆಯ ಸಂಚಾರವನ್ನು ಹಿಂಬಾಲಿಸುತ್ತದೆಂದು ಗೊತ್ತಿರುವುದರಿಂದ ಅದನ್ನಷ್ಟೇ ಒಂದೂವರೆ ಡೆಸಿಬಲ್ ಎತ್ತುತ್ತಾರೆ.

ಯಕ್ಷಗಾನದಲ್ಲಿ ಚೆಂಡೆ ಭಾಗವತರ ಮೈಕಿಗೂ ನುಗ್ಗುತ್ತದೆ. ಗೇಟ್ ಹಾಕಿ ಅದನ್ನು ತಡೆಯಹೋದರೆ ಪದ್ಯದ ಕೊನೆಯ ಎಳೆತವೂ ತುಂಡಾಗುತ್ತದೆ. ಯುದ್ಧದ ಪದ್ಯಕ್ಕೆ ಚೆಂಡೆ ಎಷ್ಟು ಅಬ್ಬರಿಸಬೇಕು, ಶೃಂಗಾರಕ್ಕೆ ಮದ್ದಳೆ ಎಷ್ಟು ಮುಂದೆ ಬರಬೇಕು ಎಂಬುದು ಪ್ರಸಂಗ ಗೊತ್ತಿದ್ದವರಿಗೇ ತಿಳಿದೀತು.

ಹಾಡನ್ನು ಗಟ್ಟಿ ಮಾಡುವ ಪೈಪೋಟಿಯೂ ವ್ಯರ್ಥ. ಸ್ಪಾಟಿಫೈ ಹಾಡುಗಳನ್ನು ಸಾಮಾನ್ಯವಾಗಿ −14 ಎಲ್‌ಯುಎಫ್‌ಎಸ್ (ಗಟ್ಟಿತನದ ಅಳತೆ) ಮಟ್ಟಕ್ಕೆ ತಂದು ಕೇಳಿಸುತ್ತದೆ. ಗಟ್ಟಿತನದ ಲಾಭ ಅಲ್ಲಿಗೆ ಮುಗಿಯಿತು. ಏರಿಳಿತ ಕಳೆದುಕೊಂಡ ನಷ್ಟ ಹಾಡಿನಲ್ಲೇ ಉಳಿಯುತ್ತದೆ.

ನಮ್ಮ ಪಣ

1. ಯಂತ್ರದ ಸಲಹೆಯನ್ನು ಬೈಪಾಸ್ ಮಾಡಿ, ಎರಡೂ ರೂಪಗಳ ಗಟ್ಟಿತನ ಸಮಮಾಡಿ ಕೇಳಿದ ಮೇಲೆಯೇ ಒಪ್ಪುತ್ತೇವೆ ಅಥವಾ ಬಿಡುತ್ತೇವೆ. ಗಟ್ಟಿಯಾದದ್ದೇ ಚೆಂದವೆಂದು ಕಿವಿ ಬೇಗ ಮೋಸಹೋಗುತ್ತದೆ.

2. ಹಾಡಿದವರಿಗೆ ಹೇಳದೆ ಶ್ರುತಿ ತಿದ್ದುವುದಿಲ್ಲ.

3. ಸಾಹಿತ್ಯದ ಅರ್ಥ, ರಾಗದ ನಡೆ, ತಾಳದ ಎತ್ತುಗಡೆ ತಿಳಿಯದಿದ್ದರೆ ಕೇಳಿ ತಿಳಿದುಕೊಂಡೇ ಮಿಕ್ಸಿಂಗಿಗೆ ಕೂರುತ್ತೇವೆ.

4. ಹಮ್ ತೆಗೆಯುವುದು, ಕ್ಲಿಕ್ ಅಳಿಸುವುದು, ಟ್ರ್ಯಾಕ್ ಜೋಡಿಸುವುದು ಯಂತ್ರಕ್ಕಿರಲಿ. ಅದರಿಂದ ಉಳಿದ ಹೊತ್ತು ಕೇಳುವುದಕ್ಕೆ ಮೀಸಲು.

5. ನಮ್ಮಲ್ಲಿ ಕಲಿಯಲು ಬಂದವರಿಂದ ಮೊದಲು ಫೇಡರ್, ಪ್ಯಾನ್ ಎರಡರಲ್ಲೇ ಮಿಕ್ಸ್ ಮಾಡಿಸುತ್ತೇವೆ. ಸಣ್ಣಪುಟ್ಟ ಕೆಲಸವನ್ನೆಲ್ಲ ಯಂತ್ರ ಕಿತ್ತುಕೊಂಡರೆ ಏಣಿಯ ಕೆಳಗಿನ ಮೆಟ್ಟಿಲೇ ಇಲ್ಲದಂತಾಗುತ್ತದೆ.

6. ಸ್ಟುಡಿಯೋಗೆ ದುಡ್ಡು ಹೊಂದಿಸಲಾಗದೆ ಆ್ಯಪಿನಲ್ಲೇ ಹಾಡು ಮುಗಿಸುವ ಹುಡುಗ ಹುಡುಗಿಯರನ್ನು ಹೀಗಳೆಯುವುದಿಲ್ಲ. ಅವರ ಹಾಡನ್ನು ಪುಕ್ಕಟೆ ಕೇಳಿ ಸಲಹೆ ಕೊಡುತ್ತೇವೆ.

ನಮ್ಮ ಬೇಡಿಕೆ

ಆಡಿಯೊ ಸಂಸ್ಥೆಗಳೇ, ಹಾಡಿನ ವಿವರದಲ್ಲಿ ಮಿಕ್ಸ್ ಮಾಡಿದವರ ಹೆಸರು ಹಾಕಿ. ಯಂತ್ರವೇ ಮಾಡಿದ್ದರೆ ಅದನ್ನೂ ಮುಚ್ಚಿಡಬೇಡಿ. ನಿರ್ಮಾಪಕರೇ, ಬಿಡುಗಡೆಯ ಹಿಂದಿನ ರಾತ್ರಿ ಹಾಡು ತಂದುಕೊಟ್ಟು ಬೆಳಗಾಗುವುದರೊಳಗೆ ಮುಗಿಸಿ ಎನ್ನಬೇಡಿ. ಮಿಕ್ಸಿಂಗಿಗೂ ಬಜೆಟ್ಟಿನಲ್ಲಿ ದಿನಗಳನ್ನು ಎತ್ತಿಡಿ. ಸಾಫ್ಟ್‌ವೇರ್ ತಯಾರಕರೇ, ನಮ್ಮ ಸಂಗೀತವನ್ನೂ ನಿಮ್ಮ ಯಂತ್ರಕ್ಕೆ ಕಲಿಸಿ. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದ ಸಂಶೋಧಕರು ಕರ್ನಾಟಕ, ಹಿಂದೂಸ್ತಾನಿ ಸಂಗೀತದ ‘ಸರಾಗ’ ಸಂಗ್ರಹ ಕಟ್ಟಿ ದಾರಿ ತೋರಿಸಿದ್ದಾರೆ. ಆದರೆ ಕಲಾವಿದರ ಒಪ್ಪಿಗೆ ಪಡೆಯಿರಿ, ಸಂಭಾವನೆ ಕೊಡಿ.

ನಮ್ಮೊಡನೆ ಸೇರಲು ಚಂದಾ ಬೇಕಿಲ್ಲ, ಪ್ರಮಾಣಪತ್ರವೂ ಬೇಡ. ನೀವು ಮಿಕ್ಸ್ ಮಾಡಿದ ಹಾಡಿನ ಯಾವುದೇ ಜಾಗ ತೋರಿಸಿ ಹಾಡಿದವರು ‘ಇಲ್ಲಿ ಹೀಗೇಕೆ ಮಾಡಿದಿರಿ?’ ಎಂದರೆ ಉತ್ತರ ಕೊಡಬಲ್ಲಿರಾದರೆ ಸಾಕು, ಸಹಿ ಹಾಕಿ.