ಟ್ರ್ಯಾಕ್ಟರ್ ನೋಡ್ಲಾಕ ಹೋಗಾಗ ಅಳತಿ ಟೇಪ್ ಒಯ್ರಿ

ಈ ಸಲ ಎಳ್ಳ ಅಮಾಸಿಗಿ ನಾವೆಲ್ಲಾ ಕಲಬುರಗಿಯಿಂದ ಕಮಲಾಪುರದ ಹೊಲಕ್ಕ ಹೋಗಿದ್ವಿ. ಸಜ್ಜಿ ಕಡಬು, ಭಜ್ಜಿ ಪಲ್ಯ, ಖಡಕ್ ರೊಟ್ಟಿ, ಅಂಬಲಿ ಗಡಿಗಿ, ಎಲ್ಲಾ ಕಟ್ಟಿಕೊಂಡು ಮುಂಜಾನೆ ಎಂಟಕ್ಕೇ ಹೊಂಟಿದ್ವಿ. ಚರಗ ಚೆಲ್ಲಿ ಉಣ್ಲಾಕ ಕುಂತಾಗ ಗಂಡಸರ ಪಂಗತಿದಾಗ ಒಂದೇ ಮಾತು. ಟ್ರ್ಯಾಕ್ಟರ್ ತೊಗೋಬೇಕು, ಅದೂ 50 ಎಚ್‌ಪಿದೇ ಆಗಬೇಕು. ನಾ ಅಂಬಲಿ ಬಡಸ್ಕೋತ, "ಎದಕ್ಕ ಐವತ್ತು?" ಅಂತ ಕೇಳ್ದೆ. ಎಲ್ಲಾರೂ ನಕ್ಕರು. ನಮ್ಮ ಮೈದುನ, "ವೈನಿ, ನಿಮಗ ಕುಕ್ಕರ್ ಸೈಜ್ ಗೊತ್ತದ, ಟ್ರ್ಯಾಕ್ಟರ್ ಸೈಜ್ ಬಿಡ್ರಿ" ಅಂದ.

ಹೌದಪ್ಪಾ, ಕುಕ್ಕರ್ ಸೈಜ್ ಗೊತ್ತದ. ಮನ್ಯಾಗ ಈಗ ಇರೋರು ಮೂರು ಮಂದಿ, ಹಂಗಂತ ದೀಪಾವಳಿಗಿ ಇಪ್ಪತ್ತು ಮಂದಿ ಬರ್ತಾರ ಅಂತ ದಿನಾ ಹತ್ತು ಲೀಟರಿನ ಕುಕ್ಕರ್ ಒಲಿ ಮ್ಯಾಲ ಇಡೋದಿಲ್ಲ. ಆ ದಿನಕ್ಕ ಬಾಜೂ ಮನಿಯಿಂದ ತರ್ತೀವಿ. ಟ್ರ್ಯಾಕ್ಟರ್ ಲೆಕ್ಕ ಇದಕ್ಕಿಂತ ಬ್ಯಾರೆ ಏನಿಲ್ಲ ಅಂತ ನನಗ ಅವತ್ತೇ ಅನಿಸ್ತು. ಖರೇ ಅಂದ್ರ ಬಾಯಿಮಾತಿಲೆ ಹೇಳಿದ್ರ ಯಾರೂ ಕೇಳೋದಿಲ್ಲ, ಬರದು ತೋರಿಸಬೇಕು. ಅದ್ಕ ಹಾಲಿನ ಲೆಕ್ಕದ ನೋಟ್‌ಬುಕ್ ತಿರುವಿ ಹಿಂದಿನ ಹಾಳಿಯಿಂದ ಬರೀಲಾಕ ಕುಂತೆ.

ನಮ್ಮದು ಒಟ್ಟು ಏಳೆಕರೆ ಚಿಲ್ಲರ. ನಾಕೆಕರೆ ಎರಿ ಹೊಲ, ಮಳಿ ನೆಚ್ಚಿ ತೊಗರಿ. ಉಳಿದ ಮೂರೆಕರೆ ಬಾವಿ ಕೆಳಗಿನ ಕೆಂಪು ನೆಲ, ಅದರಾಗ ಒಂದೂವರಿ ಎಕರೆ ಕೆಂಪು ಬಾಳಿ, ಒಂದಿಷ್ಟು ಲಿಂಬಿ ಗಿಡ, ಹಳೀ ಮನಿ, ದನದ ಕೊಟ್ಟಿಗಿ, ಕಣ. ಮಾವನವರು ಹೋದ ಮ್ಯಾಲ ಎತ್ತು ಮಾರಿದ್ವಿ. ಈಗ ಎಲ್ಲಾ ಬಾಡಿಗಿ ಟ್ರ್ಯಾಕ್ಟರ್ ಮ್ಯಾಲೇ. ಹೋದ ವರ್ಷ ಬಾಡಿಗಿ ಕೊಟ್ಟ ತಾಸು ಲೆಕ್ಕ ಹಾಕಿದೆ. ಪಲ್ಟಿ ಹೊಡಿಸಿದ್ದು 10 ತಾಸು, ಎರಡು ಸಲ ಹರಗಿದ್ದು 8, ಬಿತ್ತಿದ್ದು 4, ತಿಪ್ಪಿಗೊಬ್ಬರ ಏರಿಸಿ ಹಾಕಿದ್ದು 12, ರಾಶಿ ಮಾಡಿ ಗಂಜಿಗಿ ಒಯ್ದದ್ದು 6. ಎಲ್ಲಾ ಕೂಡಿ 40 ತಾಸು. ವರ್ಷಕ್ಕ ನಲವತ್ತು ತಾಸು! ಟ್ರ್ಯಾಕ್ಟರ್‌ದ ಖರ್ಚು ಲೆಕ್ಕ ಹಾಕೋವಾಗ ಪುಸ್ತಕದಾಗ ವರ್ಷಕ್ಕ 1000 ತಾಸು ಓಡ್ತದ ಅಂತ ಹಿಡೀತಾರ. ನಲವತ್ತು ತಾಸಿನ ಕೆಲಸಕ್ಕ ಎಂಟೊಂಬತ್ತು ಲಕ್ಷದ ಗಾಡಿ, ಟ್ರ್ಯಾಲಿ ಬ್ಯಾರೆ, ಪಲ್ಟಿ ಬ್ಯಾರೆ. ನಮ್ಮವರು ಹಾಳಿ ನೋಡಿ ಸುಮ್ಮನಾದ್ರು. ಮೈದುನ ಮಾತ್ರ, "ಉಳಿದ ದಿನ ಮಂದಿ ಹೊಲಕ್ಕ ಬಾಡಿಗಿ ಹೊಡಿತೀವಿ" ಅಂದ.

ಈ ಮಾತು ನಾ ಮದ್ಲೂ ಕೇಳೀನಿ. ಹೆಸರು ಹೇಳೋದಿಲ್ಲ, ಆಕಿ ಇದನ್ನ ಓದ್ತಾಳ, ಬರೀ ಅಂತ ಆಕೀನೇ ಹೇಳ್ಯಾಳ. ನಮ್ಮ ಬಳಗದಾಗಿನ ನೆಗೆಣ್ಣಿ ಒಬ್ಬಾಕಿ. ಆಕಿ ಗಂಡ ಐದೆಕರೆ ಹೊಲಕ್ಕ ದೊಡ್ಡ ಟ್ರ್ಯಾಕ್ಟರ್ ತಂದ, ಬಾಡಿಗಿ ಹೊಡದು ಕಂತು ಕಟ್ತೀನಿ ಅಂದ. ಮದಲನೇ ವರ್ಷ ನಡೀತು. ಎರಡನೇ ವರ್ಷಕ್ಕ ಅದೇ ಊರಾಗ ಇನ್ನಾ ನಾಕು ಟ್ರ್ಯಾಕ್ಟರ್ ಬಂದ್ವು. ಮಳಿ ಆದ ಮ್ಯಾಲ ಎಲ್ಲಾರಿಗೂ ಒಂದೇ ವಾರದಾಗ ಬಿತ್ತಬೇಕು, ಆ ವಾರ ಮುಗೀತಂದ್ರ ಎಲ್ಲಾ ಟ್ರ್ಯಾಕ್ಟರೂ ಕಟ್ಟಿ ಮ್ಯಾಲೆ ನಿಂತಿರ್ತಾವ. ಡ್ರೈವರ್ ಪಗಾರ ನಿಲ್ಲೋದಿಲ್ಲ, ಕಂತೂ ನಿಲ್ಲೋದಿಲ್ಲ. ಬಾಡಿಗಿ ಉದ್ರಿ ಹೇಳಿದವರು ಸುಗ್ಗಿ ತನಕ ಮಾರಿ ತೋರಿಸೋದಿಲ್ಲ. ಕಡಿಗಿ ಸಾಲ ಕೊಟ್ಟವರು ಗಾಡಿ ಒಯ್ದರು. ಆಕಿ ತವರುಮನಿ ಪಾಟ್ಲಿ ಅದಕ್ಕಿಂತ ಮದ್ಲೇ ಹೋಗಿದ್ವು. ಕಾಗದಕ್ಕ ಜಾಮೀನು ಸಹಿ ಮಾಡಿದಾಕಿ ಆಕೀನೇ, ಖರೇ ಎಷ್ಟು ಎಚ್‌ಪಿ ಅಂತ ಕೇಳಿದ್ರ ಆಕಿಗಿ ಇವತ್ತಿಗೂ ಗೊತ್ತಿಲ್ಲ.

ನಮ್ಮನ್ಯಾಗ ಈಗ ಇರೋದು ನಮ್ಮವರ ರಿಟೈರ್ಮೆಂಟ್ ರೊಕ್ಕ. ಸಣ್ಣ ಮಗಳ ಲಗ್ನ ಇನ್ನಾ ಆಗಿಲ್ಲ. ಅದ್ಕೇ ಸಹಿ ಮಾಡೋ ಮುಂದ ಕೇಳೋ ಹಕ್ಕು ನನಗದ ಅಂತ ಕುಂತೀನಿ.

ಈಗ ಎಚ್‌ಪಿ ಅಂದ್ರ ಏನಂತ ನಾ ತಿಳಕೊಂಡಷ್ಟು ಹೇಳ್ತೀನಿ. ಶೋರೂಮಿನಾಗ ಹೇಳೋದು ಎಂಜಿನ್ ಎಚ್‌ಪಿ. ಹಿಂದ ರೋಟವೇಟರ್, ಸ್ಪ್ರೇ ಪಂಪು ತಿರಗಸೋ ದಂಡಿಗಿ ಪಿಟಿಒ ಅಂತಾರ, ಅಲ್ಲಿಗಿ ಬರೋ ಶಕ್ತಿ ಅದಕ್ಕಿಂತ ಕಮ್ಮಿ. 24 ಎಚ್‌ಪಿ ಅಂದ್ರ ಹಿಂದ ಸಿಗೋದು ಇಪ್ಪತ್ತರ ಆಜೂಬಾಜೂ. ರೋಟವೇಟರ್ ತೊಗೊಳ್ಳಾಗ ಈ ಎರಡನೇ ನಂಬರ್ ನೋಡಬೇಕು. ಮಿನಿ ಟ್ರ್ಯಾಕ್ಟರಿಗಿ ಮೂರರಿಂದ ನಾಕು ಅಡಿ ರೋಟವೇಟರ್ ಬರೋಬ್ಬರಿ ಆಗ್ತದ, ಆರಡಿದು 45-50 ಎಚ್‌ಪಿ ಗಾಡಿಗಿ. ಇನ್ನೊಂದು, ರೋಟವೇಟರ್ ಅಗಲ ಟ್ರ್ಯಾಕ್ಟರ್ ಹಿಂದಿನ ಗಾಲಿ ಗುರುತು ಮುಚ್ಚೋವಷ್ಟು ಇರಬೇಕು. ಇಲ್ಲಂದ್ರ ತುಳದ ಮಣ್ಣು ತುಳದಂಗೇ ಉಳೀತದ. ಹಿಂದ ಎತ್ತೋ ಹೈಡ್ರಾಲಿಕ್ ಎಷ್ಟು ಕೇಜಿ ಎತ್ತತದ ಅಂತನೂ ಕೇಳ್ರಿ, ಯಾಕಂದ್ರ ತುಂಬಿದ ಔಷಧದ ಟ್ಯಾಂಕು ಖಾಲಿ ಟ್ಯಾಂಕಿನಂಗ ಇರೋದಿಲ್ಲ.

ಸಣ್ಣ ಗಾಡಿ ಒಳಗ ಬಕ್ಕಳ ತರಾ ಅವ. ಮಹೀಂದ್ರಾದ ಯುವರಾಜ್ 215 ಅಂದ್ರ 15 ಎಚ್‌ಪಿ, ಅದೇ ಕಂಪನಿ ಜೀವೋ 245 ಅಂದ್ರ 24. ನಮ್ಮ ಬೆಂಗಳೂರಿನ ವಿಎಸ್‌ಟಿ ಶಕ್ತಿದು 18.5ರದು ಅದ, ಕುಬೋಟಾದು 21 ಮತ್ತ 24, ಸ್ವರಾಜ್ 724 ಅಂದ್ರ 25. ಯಾವುದು ಛಲೋ ಅಂತ ನಾ ಹೇಳಾಕಿ ಅಲ್ಲ. ಕಲಬುರಗಿದಾಗ ಯಾವುದರ ಸಾಮಾನು ಅವತ್ತಿಗವತ್ತೇ ಸಿಗ್ತದ, ಕಮಲಾಪುರದ ಮಿಸ್ತ್ರಿ ಯಾವುದಕ್ಕ ಕೈ ಹಚ್ತಾನ, ಅದನ್ನ ಮದ್ಲು ಕೇಳ್ರಿ.

ಈಗ ಗಂಡಸರ ಮಾತಿನಾಗ ಖರೇ ಇರೋದನ್ನೂ ಒಪ್ಪಬೇಕು. ಮಿನಿ ಟ್ರ್ಯಾಕ್ಟರ್ ಎರಿ ಹೊಲದಾಗ ಆಟಿಕಿ ಅಂತಾರ. ಪಲ್ಟಿ ಹೊಡ್ಯೋ ವಿಷಯದಾಗ ಅದು ಸುಳ್ಳಲ್ಲ. ಬ್ಯಾಸಗಿದಾಗ ನಮ್ಮ ಕರಿ ನೆಲ ಕೈ ಹೋಗೋವಷ್ಟು ಬಿರಕ ಬಿಡ್ತದ, ಕಲ್ಲಿನಂಗ ಆಗ್ತದ. ಅದನ್ನ ಒಂದಡಿ ಆಳ ಕಿತ್ತು ಮಗುಚಲಾಕ ದೊಡ್ಡ ಗಾಡೀನೇ ಬೇಕು. ಸಣ್ಣದು ಹಗುರ, ಒಂದು ಟನ್ನಿನ ಆಜೂಬಾಜೂ ತೂಕ. ಗಾಲಿ ತಿರಗತದ, ಗಾಡಿ ಮುಂದ ಹೋಗೋದಿಲ್ಲ. ತುಂಬಿದ ದೊಡ್ಡ ಟ್ರ್ಯಾಲಿ ಎಳಕೊಂಡು ಹುಮನಾಬಾದ್ ರಸ್ತಾದಾಗ ಮೂವತ್ತೇಳೆಂಟು ಕಿಲೋಮೀಟರ್ ಗಂಜ್ ತನಕ ಬರೋದೂ ಅದರ ಕೆಲಸ ಅಲ್ಲ. ಖರೇ ಈ ಎರಡು ಕೆಲಸ ವರ್ಷಕ್ಕ ಎಷ್ಟು ತಾಸು? ನನ್ನ ಹಾಳಿದಾಗ ಹದಿನಾರು. ಆ ಹದಿನಾರು ತಾಸು ಬಾಡಿಗಿ ಕೊಡೂಣು. ಹೋಬಳಿಗಿ ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರ 2014-15ರಿಂದ ಇದೇ ಕೆಲಸಕ್ಕ ಮಾಡ್ಯಾರ. ಅಲ್ಲಿ ಪಾಳಿ ಬರಲಿಲ್ಲಂದ್ರ ಊರಾಗ ಕಟ್ಟಿ ಮ್ಯಾಲೆ ನಿಂತ ಟ್ರ್ಯಾಕ್ಟರ್ ಅವಲ್ಲಾ, ಪಾಪ, ಅವೂ ಓಡಲಿ.

ಪಲ್ಟಿ ಹೊಡದು ಬಿಟ್ಟ ಮ್ಯಾಲ ಹರಗೋದು, ಬಿತ್ತೋದು ಸಣ್ಣದೂ ಮಾಡ್ತದ, ಜರಾ ಹೊತ್ತು ಹಿಡೀತದ ಅಷ್ಟೇ. ತೊಗರಿ ಸಾಲಿಗಿ ಸಾಲು ಮೂರಡಿ ಇಟ್ಟು ಬಿತ್ತಿದ್ರ ಎಡಿ ಹೊಡೀಲಾಕೂ ಬರ್ತದ, ಸಾಲು ನಡುವ ಬಿಟ್ಟು ಗಾಲಿ ಎರಡೂ ಕಡಿ ಹೋಗ್ತಾವ. ಅದೂ ಗಿಡ ಮೊಣಕಾಲ ತನಕ ಬರೋ ಮಟ ಅಷ್ಟೇ, ಆಮ್ಯಾಲ ಗಾಡಿ ಹೊಟ್ಟಿ ತಾಗಿ ಟೊಂಗಿ ಮುರೀತಾವ. ಮತ್ತ ಹಸಿ ಇದ್ದಾಗ ಎರಿ ಹೊಲಕ್ಕ ಯಾವ ಗಾಡೀನೂ ಇಳಸಬಾರದು. ಎರಡು ಟನ್ನಿನ ದೊಡ್ಡದು ಇಳಿಸಿದ್ರ ಅದು ತುಳದ ಜಾಗಾದಾಗ ಬೇರು ಕೆಳಗ ಇಳೀಲಾಕ ಒದ್ದಾಡ್ತದ. ನಮ್ಮ ಕಲಬುರಗಿ ತೊಗರಿಬ್ಯಾಳಿಗಿ 2019ರಾಗ ಜಿಐ ಮಾನ್ಯತೆ ಸಿಕ್ಕದ ಅಂತ ಎಲ್ಲಾರೂ ಎದಿ ಉಬ್ಬಿಸಿ ಹೇಳ್ತೀವಿ. ಆ ರುಚಿ ಬಂದದ್ದು ಈ ಮಣ್ಣಿನಿಂದ ಅಲ್ಲೇನ್ರಿ, ಅದನ್ನ ತುಳದು ರಸ್ತಾ ಮಾಡಿದ್ರ ಹ್ಯಾಂಗ?

ಖರೇ ನನ್ನ ವಾದ ನಿಂತಿರೋದು ಎರಿ ಹೊಲದ ಮ್ಯಾಲ ಅಲ್ಲ, ಬಾಳಿ ತೋಟದ ಮ್ಯಾಲ. ಕಮಲಾಪುರದ ಕೆಂಪು ಬಾಳಿಹಣ್ಣು, ಅದಕ್ಕೂ ಜಿಐ ಅದ, ಕೈಯಾಗ ಬರಲಾಕ ಒಂದೂವರಿ ವರ್ಷ ಕಾಯಬೇಕು. ಆ ಒಂದೂವರಿ ವರ್ಷ ಕಸ ತಗೀಬೇಕು, ಗೊಬ್ಬರ ಒಯ್ಯಬೇಕು, ಔಷಧ ಹೊಡೀಬೇಕು, ಗೊನಿ ಹೊರಗ ತರಬೇಕು. ನಮ್ಮ ತೋಟದಾಗ ಸಾಲಿನ ನಡುವ ಏಳಡಿ ಅದ. ಅದರಾಗ ಎಲಿ, ಕುಡಿ ಬಿಟ್ಟು ಗಾಡಿಗಿ ಸಿಗೋದು ಐದಡಿ. ದೊಡ್ಡ ಟ್ರ್ಯಾಕ್ಟರ್ ಆರಡಿ ಅಗಲ. ಹೋದ ವರ್ಷ ಬಾಡಿಗಿಯಾವ ಹಟ ಮಾಡಿ ಒಳಗ ಹೊಕ್ಕ, ಹನ್ನೊಂದು ಗಿಡ ಮಲಗಿಸಿ ಹೊರಗ ಬಂದ. ಗಿಡದ ರೊಕ್ಕ ಹೋಗ್ಲಿ, ಅವುಗಳ ವಯಸ್ಸು ಹತ್ತು ತಿಂಗಳು ಆಗಿತ್ತು. ಅವತ್ತು ನಾ ಊಟ ಮಾಡಲಿಲ್ಲ. ಮಿನಿದು ಅಗಲ ಮೂರುವರಿ-ನಾಕು ಅಡಿ, ಸರಳ ಹೋಗಿ ಬರ್ತದ. ಅದರಾಗೂ ಒಂದು ಎಚ್ಚರಿಕಿ, ಬಾಳಿ ಬೇರು ಮ್ಯಾಲೆ ಮ್ಯಾಲೇ ಹರಡಿರ್ತಾವ, ಗಿಡ ದೊಡ್ಡದಾದ ಮ್ಯಾಲ ಬುಡದ ಹತ್ರ ರೋಟವೇಟರ್ ಹಾಕಬಾರದು, ಬೇರು ಕತ್ತರಿಸಿ ಹಾಕ್ತದ.

ಕಸ, ಔಷಧ, ಗೊಬ್ಬರ ಸೇರಿ ತೋಟಕ್ಕ ವರ್ಷಕ್ಕ ನೂರು ತಾಸು, ಮನಿ ಮುಂದಿನ ಕೆಲಸ, ಅಂದ್ರ ಸಗಣಿ, ಮೇವು, ನೀರಿನ ಟ್ಯಾಂಕು, ದಿನಾ ಅರ್ಧ ತಾಸು ಹಿಡಿದ್ರೂ ನೂರೆಂಬತ್ತು. ಎಲ್ಲಾ ಸೇರಿ 280 ತಾಸು. ಸಾವಿರ ಆಗೋದಿಲ್ಲ, ಅದು ನನಗೂ ಕಾಣ್ತದ. ಬಾಳಿ ಇಲ್ಲದೆ ಬರೇ ತೊಗರಿ ಇದ್ದಿದ್ರ ಯಾವ ಟ್ರ್ಯಾಕ್ಟರೂ ಬ್ಯಾಡ ಅಂತಿದ್ದೆ. ನಿಮ್ಮ ಮನ್ಯಾಗ ಬರೇ ಮಳಿ ಹೊಲ ಇದ್ರ ನನ್ನ ಮಾತು ಕೇಳ್ರಿ, ತೊಗೋಬ್ಯಾಡ್ರಿ.

ರೊಕ್ಕದ ಮಾತು ಬಂದ್ರ, ಮಿನಿ ಗಾಡಿ ಐದಾರು ಲಕ್ಷದ ಒಳಗ ಬರ್ತದ. 2025ರ ಸಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮ್ಯಾಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗಿ ಇಳಿಸ್ಯಾರ, ಕೋಟೇಶನ್ ಕೈಗಿ ಬಂದಾಗ ಆ ಸಾಲು ನೋಡ್ರಿ. ಸಹಾಯಧನ ಎಷ್ಟು, ಈ ವರ್ಷ ಅದನೋ ಇಲ್ಲೋ ಅಂತ ರೈತ ಸಂಪರ್ಕ ಕೇಂದ್ರದಾಗ ನೀವೇ ಹೋಗಿ ಕೇಳ್ರಿ. ಗಾಡಿ ಮಾರೋವನ ಬಾಯಿಂದ ಕೇಳಿ ಸಾಲದ ಲೆಕ್ಕ ಹಾಕಬ್ಯಾಡ್ರಿ, ಸಹಾಯಧನಕ್ಕ ಅರ್ಜಿ ಮಂಜೂರ ಆಗೋ ಮದ್ಲೇ ಗಾಡಿ ತಂದೂ ಬಿಡಬ್ಯಾಡ್ರಿ.

ಇನ್ನೊಂದು ಮಾತು, ಇದು ಗಂಡಸರು ಯಾರೂ ಹೇಳೋದಿಲ್ಲ. ಸಣ್ಣ ಗಾಡಿ ಅಂತ ಸಲಗಿ ಮಾಡ್ಕೋಬ್ಯಾಡ್ರಿ. ಆ ಪಿಟಿಒ ದಂಡಿ ಮಿನಿಟಿಗಿ 540 ಸುತ್ತು ಹೊಡೀತದ, ಅಂದ್ರ ಒಂದು ಸೆಕೆಂಡಿಗಿ ಒಂಬತ್ತು. ಬಾಯಾಗ "ಅಯ್ಯ" ಅನ್ನೋದ್ರಾಗ ಸೆರಗು ಪೂರಾ ಒಳಗ ಹೋಗಿರ್ತದ. ನಾ ಇಪ್ಪತ್ತೆಂಟು ವಯಸ್ಸಿನಾಕಿ ಇದ್ದಾಗ ರಾಶಿ ಮಷೀನಿಗಿ ಸೆರಗು ಸಿಕ್ಕಿತ್ತು. ಕಾಕಾ ಬಾಜೂಕೇ ಇದ್ದರು, ಎಂಜಿನ್ ಬಂದ್ ಮಾಡಿದ್ರು, ಸೀರಿ ಹರೀತು, ಕೈ ಉಳೀತು. ಎಡಗೈ ಮಣಿಕಟ್ಟಿನ ಗುರುತು ನೋಡಿದವರಿಗೆಲ್ಲಾ ಎಣ್ಣಿ ಸಿಡಿದದ್ದು ಅಂತ ಹೇಳ್ಕೋತ ಬಂದೀನಿ, ಅತ್ತಿಯವರಿಗೂ ಹಂಗೇ ಹೇಳಿದ್ದೆ. ಆ ದಂಡಿ ಮ್ಯಾಲ ಪ್ಲಾಸ್ಟಿಕ್ ಕವರ್ ಬರ್ತದ, ಗಂಡಸರು ಅಡ್ಡ ಬರ್ತದ ಅಂತ ಬಿಚ್ಚಿ ಒಗೀತಾರ. ನಮ್ಮ ಮನಿಗಿ ಗಾಡಿ ಬಂದ್ರ ಕವರ್ ಬಿಚ್ಚಿದ ದಿನ ಅಡಗಿ ಇಲ್ಲ ಅಂತ ಹೇಳೀನಿ.

ಹೋದ ರವಿವಾರ ಶೋರೂಮಿಗಿ ನಾನೂ ಹೋಗಿದ್ದೆ, ಟೇಪ್ ಒಯ್ದಿದ್ದೆ. ಸೇಲ್ಸಿನ ಹುಡುಗ ನಮ್ಮವರ ಕಡಿಗೇ ಮಾರಿ ಮಾಡಿ ಮಾತಾಡ್ಲಾಕತ್ತಿದ್ದ. ನಾ ಹಿಂದಿನ ಗಾಲಿ ಹೊರಗಿನ ಅಂಚಿನಿಂದ ಅಂಚಿಗಿ ಅಳದೆ, ಸೈಲೆನ್ಸರ್ ಎತ್ತರ ಅಳದೆ, ಯಾಕಂದ್ರ ಲಿಂಬಿ ಟೊಂಗಿ ತಗ್ಗಿರ್ತಾವ. ನಮ್ಮ ಕಣದ ಗೇಟು ಐದೂವರಿ ಅಡಿ, ಅದನ್ನೂ ಬರಕೊಂಡು ಹೋಗಿದ್ದೆ. ಆಮ್ಯಾಲ ಹುಡುಗ ತಾನೇ ಬಂದು, "ಆಂಟಿ, ಹತ್ತಿ ಕೂಡ್ರಿ" ಅಂದ. ಹತ್ತಿದೆ. ಕ್ಲಚ್ಚಿಗಿ ಕಾಲು ಮುಟ್ಟಿತು. ಸಣ್ಣ ಮಗಳು ಫೋಟೋ ಹೊಡದು ಬಳಗದವರಿಗೆಲ್ಲಾ ಕಳಿಸ್ಯಾಳ, ಅದು ನೀವು ನೋಡೇ ಇರ್ತೀರಿ. ನಗಬ್ಯಾಡ್ರಿ.

ಮೈದುನ ಇನ್ನಾ ಪೂರಾ ಒಪ್ಪಿಲ್ಲ. ಊರಾಗ ಮಿನಿ ಗಾಡಿ ಮ್ಯಾಲೆ ಕುಂತು ಹೋದ್ರ ಮಂದಿ ಏನಂತಾರ ಅಂತ ಅವನಿಗಿ ಚಿಂತಿ. ಟೋಕನ್ ರೊಕ್ಕ ಕೊಡೂಣು ಅಂದ, ನಾ ಮದ್ಲು ನಮ್ಮ ಹೊಲದಾಗ ಓಡಿಸಿ ತೋರಿಸಲಿ ಅಂದೆ. ಬುಧವಾರ ಡೆಮೊ ಗಾಡಿ ಕಮಲಾಪುರಕ್ಕ ಬರ್ತದ. ಮದ್ಲು ಕಣದ ಗೇಟು, ಆಮ್ಯಾಲ ಬಾಳಿ ಸಾಲು, ಕಡಿಗಿ ಎರಿ ಹೊಲದ ಒಂದು ಮೂಲಿ, ಹಂಗ ಹೇಳೀನಿ. ಅವತ್ತು ಯಾರಾದ್ರೂ ನೋಡ್ಲಾಕ ಬರೋರಿದ್ರ ಬರ್ರಿ, ರೊಟ್ಟಿ ಹೆಚ್ಚಿಗೇ ಬಡದು ಒಯ್ತೀನಿ.