ಗುಡ್ಡದ ನೋಟ, ಗುಡ್ಡದ ನೀರು

ಬೇಸಿಗೆ ರಜೆ ಹತ್ತಿರವಾಗುತ್ತಲೇ ಉಡುಪಿ ಪೇಟೆಯ ಟ್ರಾವೆಲ್ಸ್ ಅಂಗಡಿಗಳ ಮುಂದೆ ಹಿಮಾಲಯದ ಚಿತ್ರಗಳು ತೂಗಾಡತೊಡಗುತ್ತವೆ. ಶಿಮ್ಲಾ, ಮನಾಲಿ, ಮಸ್ಸೂರಿ, ಡಾರ್ಜಿಲಿಂಗ್. ಮೂರು ರಾತ್ರಿ, ನಾಲ್ಕು ಹಗಲು. ಊಟ, ವಸತಿ, ಕಾರು ಎಲ್ಲ ಸೇರಿ ತಲೆಗೆ ಇಷ್ಟು. ದಿನಕ್ಕೆ ಏಳೆಂಟು 'ಪಾಯಿಂಟು'ಗಳು. ಇಲ್ಲಿ ಇಳಿಯಿರಿ, ಫೋಟೋ ತೆಗೆಯಿರಿ, ಹತ್ತಿರಿ, ಮುಂದಕ್ಕೆ ನಡೆಯಿರಿ. ಈ ನೋಡುವಿಕೆಯ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ನಮಗೆ ಬಹಳ ದಿನಗಳಿಂದ ಇತ್ತು.

ಪ್ರವಾಸ ಹೋಗುವವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಸಮಾಜವಾದಿಗಳೆಂದರೆ ಬಿಡುವು ಕಂಡರೆ ಮುಖ ಗಂಟಿಕ್ಕುವ ಜನ ಎಂದು ಕೆಲವರು ತಿಳಿದಿದ್ದಾರೆ. ಸಂಬಳ ಸಹಿತವಾದ ರಜೆ ಎಂಬುದನ್ನು ಯಾವ ಧಣಿಯೂ ದಾನವಾಗಿ ಕೊಟ್ಟದ್ದಲ್ಲವೆಂಬುದು ಅವರಿಗೆ ಗೊತ್ತಿದ್ದಂತಿಲ್ಲ. ಫ್ರಾನ್ಸಿನಲ್ಲಿ 1936ರಲ್ಲಿ ಕಾರ್ಖಾನೆ ಕಾರ್ಖಾನೆಗಳಲ್ಲಿ ಮುಷ್ಕರ ಹೂಡಿದ ಮೇಲೆಯೇ ಲಿಯೋನ್ ಬ್ಲೂಮರ ಸರಕಾರವು ಎರಡು ವಾರಗಳ ಸಂಬಳದ ರಜೆಯನ್ನು ಕಾಯಿದೆ ಮಾಡಿತು. ಆ ಬೇಸಿಗೆಯಲ್ಲಿ ಎಷ್ಟೋ ಮಂದಿ ಕೂಲಿಕಾರರು ಹೆಂಡತಿ ಮಕ್ಕಳೊಡನೆ ಮೊದಲ ಬಾರಿಗೆ ಸಮುದ್ರವನ್ನು ಕಂಡರು. ನಮ್ಮ ದೇಶದಲ್ಲಿ 1948ರ ಕಾರ್ಖಾನೆ ಕಾಯಿದೆಯು, ವರ್ಷಕ್ಕೆ 240 ದಿನ ದುಡಿದವನಿಗೆ ಇಪ್ಪತ್ತು ದಿನಕ್ಕೊಂದರಂತೆ ಸಂಬಳದ ರಜೆ ಎಂದು ಬರೆಯಿತು. ಬರೆದದ್ದು ಕಾರ್ಖಾನೆಯ ಒಳಗಿದ್ದವರಿಗೆ. ಕಾರ್ಕಳದ ಕಡೆ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸಿಗೆ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕ. ಕೈ ನಿಂತರೆ ಲೆಕ್ಕವೂ ನಿಂತಿತು. ಯಾಂತ್ರಿಕ ದೋಣಿಯಲ್ಲಿ ಬಲೆ ಎಳೆಯುವವನಿಗೆ ಸಿಗುವ ದೀರ್ಘ ಬಿಡುವೆಂದರೆ ಮಳೆಗಾಲದ ಮೀನುಗಾರಿಕೆ ನಿಷೇಧ. ಆಗ ಕಡಲಿನ ಸಂಪಾದನೆಯೂ ಇಲ್ಲ. ಇವರೂ ಒಂದು ದಿನ ಹಿಮ ನೋಡಲಿ ಎಂಬುದೇ ನಮ್ಮ ಆಸೆ. ಆದುದರಿಂದ ನಮ್ಮ ತಕರಾರು ಹೋಗುವುದರ ಮೇಲಲ್ಲ, ಹೋದಲ್ಲಿ ನಮಗೆ ತೋರಿಸುವುದರ ಮೇಲೆ.

ನಾವೂ ಶಿಮ್ಲಾವನ್ನು ಮೂರು ದಿನಗಳಲ್ಲಿ ನೋಡಿ ಬಂದವರೇ. ಏಳು ಸಾವಿರ ಅಡಿ ಎತ್ತರ. 1864ರಿಂದ ಬ್ರಿಟಿಷ್ ಸರಕಾರದ ಬೇಸಿಗೆ ರಾಜಧಾನಿ. ಕಾಲ್ಕಾದಿಂದ 1903ರಲ್ಲಿ ಆರಂಭವಾದ ಸಣ್ಣ ರೈಲು ನೂರಕ್ಕೂ ಮಿಕ್ಕಿದ ಸುರಂಗಗಳನ್ನು ನುಂಗುತ್ತ ಏರುತ್ತದೆ. ಇದೆಲ್ಲ ನಿಜಕ್ಕೂ ಚೆನ್ನಾಗಿದೆ, ಹೇಳದಿದ್ದರೆ ಸುಳ್ಳಾದೀತು. ಊರ ನಡುವೆ 'ರಿಡ್ಜ್' ಎಂಬ ವಿಶಾಲವಾದ ಬಯಲು. ಒಂದು ತುದಿಗೆ ಇಗರ್ಜಿ, ಮಹಾತ್ಮಾ ಗಾಂಧಿಯವರ ಪ್ರತಿಮೆ, ಕುದುರೆ ಸವಾರಿ, ಫೋಟೋದವರು. ಶಿಮ್ಲಾಕ್ಕೆ ಹೋದ ಪ್ರತಿಯೊಬ್ಬನೂ ಅಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾನೆ. ತಾನು ನಿಂತಿರುವುದು ನೀರಿನ ತೊಟ್ಟಿಯೊಂದರ ಮೇಲೆ ಎಂಬುದು ನೂರರಲ್ಲಿ ತೊಂಬತ್ತು ಮಂದಿಗೆ ತಿಳಿಯದು. ಬ್ರಿಟಿಷರ ಕಾಲದಲ್ಲಿ ಕಟ್ಟಿದ, ಊರಿನ ದೊಡ್ಡ ಭಾಗಕ್ಕೆ ನೀರುಣಿಸುವ ತೊಟ್ಟಿ ಆ ಬಯಲಿನ ಅಡಿಯಲ್ಲಿದೆ. ಅದಕ್ಕೆ ನೀರು ಸುಮ್ಮನೆ ಬರುವುದಿಲ್ಲ. ಕೆಳಗಿನ ಕಣಿವೆಯ ಗುಮ್ಮಾ ಮೊದಲಾದ ಕಡೆಗಳಿಂದ ಹಗಲೂ ರಾತ್ರಿ ಪಂಪು ತಿರುಗಿಸಿ ಗುಡ್ಡಕ್ಕೆ ಏರಿಸಬೇಕು.

2018ರ ಮೇ ತಿಂಗಳಲ್ಲಿ, ಪ್ರವಾಸಿಗರು ತುಂಬಿ ತುಳುಕುವ ಹೊತ್ತಿಗೆ ಸರಿಯಾಗಿ, ಆ ನೀರು ಬೇಕಾದುದರ ಅರ್ಧದಷ್ಟಕ್ಕೆ ಇಳಿಯಿತು. ಊರವರು ಕೊಡ ಹಿಡಿದು ರಾತ್ರಿಯೆಲ್ಲ ಟ್ಯಾಂಕರಿಗೆ ಕಾದರು, ರಸ್ತೆಗಿಳಿದು ಕೂಗಿದರು. ಸರಕಾರಿ ಶಾಲೆಗಳಿಗೆ ಕೆಲವು ದಿನ ರಜೆ ಕೊಡಬೇಕಾಯಿತು. ದಯವಿಟ್ಟು ಈಗ ನಮ್ಮ ಊರಿಗೆ ಬರಬೇಡಿರಿ ಎಂದು ಅಲ್ಲಿನ ಜನರೇ ಪ್ರವಾಸಿಗರಿಗೆ ಬಿನ್ನಹ ಮಾಡಿಕೊಂಡರು. ಕೊನೆಗೆ ಅಲ್ಲಿಯ ಹೈಕೋರ್ಟು ನಡುವೆ ಬಂದು, ರಾಜ್ಯಪಾಲರು ಮತ್ತು ಮುಖ್ಯಮಂತ್ರಿಯವರ ಹೊರತು ಮಂತ್ರಿ, ನ್ಯಾಯಾಧೀಶ, ಅಧಿಕಾರಿ ಯಾರ ಮನೆಗೂ ಟ್ಯಾಂಕರು ಕಳಿಸಕೂಡದು, ಪ್ರವಾಸಿ ವ್ಯಾಪಾರದವರಿಗೂ ಕೊಡಕೂಡದು ಎಂದು ಅಪ್ಪಣೆ ಮಾಡಿತು. ವಾಚಕರು ಇದನ್ನು ಗಮನಿಸಬೇಕು. ಕೊಡಕೂಡದೆಂದು ಹೈಕೋರ್ಟೇ ಹೇಳಬೇಕಾಯಿತೆಂದರೆ ಅದುವರೆಗೆ ನೀರು ಯಾವ ದಿಕ್ಕಿಗೆ ಹರಿಯುತ್ತಿತ್ತೆಂದು ಯಾರೂ ಊಹಿಸಬಹುದು. ನೀರಿಗೂ ಸಂಬಳದ ಶ್ರೇಣಿ ಗೊತ್ತಿದೆಯೋ ಏನೋ!

ಇನ್ನು ಹೊರೆಯವರ ವಿಚಾರ. ಕಾರು ಹೋಗದ ಏರುಹಾದಿಗಳಲ್ಲಿ ಹೋಟೆಲಿನ ಅಕ್ಕಿ ಮೂಟೆ, ಗ್ಯಾಸು, ನಮ್ಮಂಥವರ ಪೆಟ್ಟಿಗೆ, ಎಲ್ಲವನ್ನೂ ಬೆನ್ನಿಗೆ ಹಗ್ಗ ಬಿಗಿದು ಹೊತ್ತೊಯ್ಯುವವರು ಹೆಚ್ಚಾಗಿ ಕಾಶ್ಮೀರದಿಂದ ಬಂದ ಕೂಲಿಗಳು. ಅಲ್ಲಿ ಅವರನ್ನು 'ಖಾನ್' ಎಂದು ಕರೆಯುತ್ತಾರೆ. ಈ ಬೆಟ್ಟಗಳಲ್ಲಿ ಹೊರೆಗೆ ಹಳೆಯ ಇತಿಹಾಸವಿದೆ. ಸಾಹೇಬರು ಸವಾರಿ ಹೊರಟರೆ ದಾರಿಯ ಹಳ್ಳಿಯವರು ಬಿಟ್ಟಿಯಾಗಿ ಸಾಮಾನು ಹೊರಬೇಕಾಗಿತ್ತು. ಯಾರ ಸರದಿ ಯಾವಾಗ ಎಂದು ಗ್ರಾಮದ ಮುಖ್ಯಸ್ಥನ ಬಳಿ ಕೂಲಿ ಪುಸ್ತಕವಿರುತ್ತಿತ್ತು. 1921ರ ಮಕರ ಸಂಕ್ರಾಂತಿಯ ಜಾತ್ರೆಯಲ್ಲಿ ಕುಮಾವೂನಿನ ಬಾಗೇಶ್ವರದಲ್ಲಿ ಬದರೀದತ್ತ ಪಾಂಡೆಯವರ ಮುಂದಾಳುತನದಲ್ಲಿ ಸೇರಿದ ಜನ ಆ ಪುಸ್ತಕಗಳನ್ನು ಸರಯೂ ನದಿಗೆ ಎಸೆದರು. ಅದೇ ಕಾಲದಲ್ಲಿ ಶಿಮ್ಲಾದ ಸುತ್ತಿನ ಬೆಟ್ಟಗಳಲ್ಲಿ ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ಅಮೆರಿಕದವರು ಈ ಬಿಟ್ಟಿ ದುಡಿತದ ವಿರುದ್ಧ ಹೋರಾಡಿದರು. ಅಮೆರಿಕದ ಸೇಬಿನ ಗಿಡ ತಂದು ಕೋಟ್‌ಗಢದಲ್ಲಿ ನೆಟ್ಟವರೆಂದು ಟೂರಿನವರು ಅವರ ಹೆಸರು ಹೇಳುತ್ತಾರೆ. ಸೇಬಿನ ವಿಷಯ ಮಾತ್ರ.

ಶಿಮ್ಲಾದ ಕಥೆ ಉಡುಪಿಯವರಿಗೇಕೆ ಎಂದು ಕೇಳಬಹುದು. ನಮ್ಮಲ್ಲೂ ಒಂದು ಗುಡ್ಡದ ಪಟ್ಟಣವಿದೆ ಎಂಬುದೇ ಉತ್ತರ. ಮಣ್ಣುಪಳ್ಳವೆಂಬ ಕೆರೆಯಿಂದ ಹೆಸರು ಪಡೆದ ಮಣಿಪಾಲ ಬರಿಯ ಮುರಕಲ್ಲಿನ ಗುಡ್ಡೆಯಾಗಿತ್ತು. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಅಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿಸಿದ ಮೇಲೆ ಅದು ಬೆಳೆದು ಇಂದು ದೇಶವಿದೇಶದ ವಿದ್ಯಾರ್ಥಿಗಳ ಊರಾಗಿದೆ. ಅಲ್ಲಿಯ 'ಎಂಡ್ ಪಾಯಿಂಟ್' ಎಂಬ ಗುಡ್ಡದ ಅಂಚಿಗೆ ಸಂಜೆ ಜನ ಸೇರುತ್ತಾರೆ. ಕೆಳಗೆ ತೆಂಗಿನ ತೋಟಗಳ ನಡುವೆ ಸ್ವರ್ಣಾ ನದಿ, ದೂರದಲ್ಲಿ ಕಡಲು, ಸೂರ್ಯಾಸ್ತ. ನೋಟ ನಿಜವಾಗಿಯೂ ಮನೋಹರ. ಆದರೆ ಆ ನದಿಯನ್ನೇ ಉಡುಪಿ ಮಣಿಪಾಲಗಳ ನಲ್ಲಿಗಳು ಕುಡಿಯುವುದು. ಹಿರಿಯಡ್ಕದ ಹತ್ತಿರ ಬಜೆಯಲ್ಲಿ ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರೇ ಪಂಪಿನ ಮೂಲಕ ಗುಡ್ಡೆ ಹತ್ತುತ್ತದೆ. ವರ್ಷಕ್ಕೆ 4,000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಹೊಯ್ಯುವ ಈ ನಾಡಿನಲ್ಲಿ 2019ರ ಮೇ ತಿಂಗಳಲ್ಲಿ ಬಜೆಯ ತಳ ಕಾಣಿಸಿತು. ಹೊಂಡಗಳಲ್ಲಿ ಉಳಿದ ನೀರನ್ನು ಎತ್ತಿ ಹಾಯಿಸಿ, ವಾರ್ಡುಗಳಿಗೆ ಸರದಿಯ ಮೇಲೆ ಬಿಡಬೇಕಾಯಿತು. ಮೇ ಎಂದರೆ ಶ್ರೀಕೃಷ್ಣ ಮಠಕ್ಕೆ, ಮಲ್ಪೆಗೆ, ಕಾಪುವಿಗೆ ಹೊರಗಿನ ಜನ ತಂಡ ತಂಡವಾಗಿ ಬರುವ ತಿಂಗಳು. ವಸತಿಗೃಹದವರು ದುಡ್ಡು ಕೊಟ್ಟು ಟ್ಯಾಂಕರು ತರಿಸುತ್ತಾರೆ. ಬಾವಿಯಿಲ್ಲದ ಕಾಲೊನಿಯ ಹೆಂಗಸು ಏನು ತರಿಸಬೇಕು? ಬಂದ ಅತಿಥಿಯನ್ನು ನಾವು ದೂರುವುದಿಲ್ಲ. ಅತಿಥಿಯ ಹೆಸರಿನಲ್ಲಿ ದುಡ್ಡು ಮಾಡುವವರು ನೀರಿನ ಲೆಕ್ಕ ಕೊಡಲಿ ಎನ್ನುತ್ತೇವೆ.

ನಮ್ಮ ಸರಕಾರಗಳಿಗೋ ಪ್ರವಾಸೋದ್ಯಮವೆಂದರೆ ಹೊಸದೊಂದು ಪಾಯಿಂಟು ಸೃಷ್ಟಿಸುವುದು. ಕಾರ್ಕಳ ತಾಲೂಕಿನ ಬೈಲೂರಿನಲ್ಲಿ ಉಮಿಕ್ಕಳ ಬೆಟ್ಟದ ಮೇಲೆ 33 ಅಡಿಯ ಪರಶುರಾಮನ ಮೂರ್ತಿ ನಿಲ್ಲಿಸಿ, 2023ರ ಜನವರಿಯಲ್ಲಿ ಥೀಂ ಪಾರ್ಕೆಂದು ಉದ್ಘಾಟನೆ ಮಾಡಿದರು. ಕಂಚಿನದೆಂದ ಮೂರ್ತಿ ಕಂಚಿನದಲ್ಲವೆಂಬ ಆಪಾದನೆ ಬಂತು. ಅದೇ ವರ್ಷ ಮೂರ್ತಿಯ ಮೇಲ್ಭಾಗವನ್ನು ಕೆಳಗಿಳಿಸಲಾಯಿತು. ತನಿಖೆಯೂ ನಡೆಯಿತು, ಮಾತು ಕೋರ್ಟಿನವರೆಗೂ ಹೋಯಿತು. ತಪ್ಪು ಯಾರದೆಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಹಣ ಮಾತ್ರ ಸಾರ್ವಜನಿಕರದು.

ಅದೇ ತಾಲೂಕಿನಲ್ಲಿ ಇನ್ನೊಂದು ಬಂಡೆಗುಡ್ಡವಿದೆ. ಅದರ ಮೇಲೆ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ, ಸುಮಾರು 42 ಅಡಿ ಎತ್ತರದ ಏಕಶಿಲೆಯ ಗೊಮ್ಮಟ ಇಂದಿಗೂ ಅಲುಗಿಲ್ಲ. ತೂಕ ಸುಮಾರು 80 ಟನ್ನೆಂದು ಅಂದಾಜು. ಇಪ್ಪತ್ತು ಗಾಲಿಗಳ ಬಂಡಿಯ ಮೇಲೆ ಎಳೆದು ತಂದು ಏರಿಸಿದರೆಂದು ಹೇಳಿಕೆ. ಮಾಸ್ತರಿಕೆಯ ದಿನಗಳಲ್ಲಿ ನಾವು ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ, ಐದನೆಯ ಕ್ಲಾಸಿನ ಹುಡುಗಿಯೊಬ್ಬಳು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ, "ಸರ್, ಎಳೆದವರಿಗೆ ಮಧ್ಯಾಹ್ನ ಊಟ ಯಾರು ಕೊಟ್ಟದ್ದು?" ಎಂದು ಕೇಳಿದಳು. ರಾಜನ ಹೆಸರು ಕಲ್ಲಿನಲ್ಲಿದೆ, ಇಸವಿಯೂ ಇದೆ. ಊಟದ ಸಂಗತಿ ಇಲ್ಲ. ಬುತ್ತಿ ಕಟ್ಟಿಕೊಳ್ಳದೆ ಬಂದ ಮಗುವಿಗೆ ಆ ಪ್ರಶ್ನೆ ಹೊಳೆದದ್ದು ಸಹಜ. ಕ್ಯಾಮರಾ ಹಿಡಿದು ಬಂದವರು ಕೇಳಿದ್ದನ್ನು ನಾವು ಕಂಡಿಲ್ಲ.

ಕಾಪುವಿನಲ್ಲೂ ಇದೇ. 1901ರ ದೀಪಸ್ತಂಭವನ್ನು ಹತ್ತಿದವರು ಕಡಲಿನ ಫೋಟೋ ತೆಗೆದು ಇಳಿಯುತ್ತಾರೆ. ಆ ದೀಪ ಇಟ್ಟದ್ದು ಕಡಲಲ್ಲಿ ದುಡಿಯುವವನಿಗೆ ದಾರಿ ತೋರಲೆಂದು.

ಆದುದರಿಂದ ಉಡುಪಿಯ ನಗರಾಡಳಿತಕ್ಕೂ ಜಿಲ್ಲಾಡಳಿತಕ್ಕೂ ನಮ್ಮ ಬೇಡಿಕೆ ಇದು: ಮಾರ್ಚಿನಿಂದ ಮಳೆ ಹಿಡಿಯುವವರೆಗೆ ಪ್ರತಿಯೊಂದು ದೊಡ್ಡ ವಸತಿಗೃಹವು ತಿಂಗಳಿಗೆ ಎಷ್ಟು ನೀರು ಎಲ್ಲಿಂದ ತಂದಿತೆಂಬ ಪಟ್ಟಿಯನ್ನು ಕಚೇರಿಯ ಹೊರಗೆ ಎಲ್ಲರೂ ಓದುವಂತೆ ಹಚ್ಚಿರಿ. ಸರದಿಯ ನೀರು ಬಿಡುವ ದಿನ ಬಂದರೆ ಮೊದಲ ಟ್ಯಾಂಕರು ಬಾವಿಯಿಲ್ಲದ ಕಾಲೊನಿಗೆ ಹೋಗಲಿ. ಹೊಸ ಪಾಯಿಂಟಿಗೆ ಅಡಿಗಲ್ಲು ಹಾಕುವ ಮೊದಲು, ಅಲ್ಲಿಗೆ ಬರುವ ಜನರಿಗೆ ನೀರು ಯಾವ ಹೊಳೆಯದು, ಗುಡಿಸುವವರ ಕೂಲಿ ಎಷ್ಟು ಎಂಬುದನ್ನು ಯೋಜನೆಯ ಮೊದಲ ಪುಟದಲ್ಲೇ ಬರೆಯಿರಿ.

ಶಾಲಾ ಮಾಸ್ತರರಲ್ಲಿ, ಹಳೆಯ ಸಹೋದ್ಯೋಗಿಗಳೆಂಬ ಸಲಿಗೆಯಿಂದ, ಇನ್ನೊಂದು ಕೋರಿಕೆ. ಪ್ರವಾಸದ ಪಟ್ಟಿಯಲ್ಲಿ ಬಜೆಯನ್ನು ಸೇರಿಸಿರಿ. ಶಾಲೆಯ ಪ್ರವಾಸಗಳು ಹೊರಡುವುದು ಸಾಮಾನ್ಯವಾಗಿ ಡಿಸೆಂಬರಿನ ಸುಮಾರಿಗೆ. ಆಗ ಅಲ್ಲಿ ನೀರು ನಿಂತಿರುತ್ತದೆ, ನೋಡಲು ಚೆಂದ. ಪರೀಕ್ಷೆ ಮುಗಿದ ಮೇಲೆ, ರಜೆ ಬೀಳುವ ಮುಂಚೆ, ಅದೇ ಮಕ್ಕಳನ್ನು ಅದೇ ಜಾಗಕ್ಕೆ ಮತ್ತೊಮ್ಮೆ ಕರೆದುಕೊಂಡು ಹೋಗಿರಿ. ಖರ್ಚು ತಲೆಗೆ ಒಂದು ಲೋಕಲ್ ಬಸ್ಸಿನ ಟಿಕೇಟು.