ಹುಣ್ಣಿಗೆ ಹಣ ಉಂಟು, ಹಾಸಿಗೆಗೆ ಇಲ್ಲ

ಆರೋಗ್ಯ ವಿಮೆಯ ಪಾಲಿಸಿ ಕೈಗೆ ಬಂದಾಗ ಜನ ನೋಡುವುದು ಎರಡೇ ಸಂಗತಿ: ಕಂತು ಎಷ್ಟು, ಎಷ್ಟು ಲಕ್ಷದವರೆಗೆ ಸಿಗುತ್ತದೆ. ಕೊನೆಯ ಪುಟಗಳ ಸಣ್ಣಕ್ಷರದ ಅನುಬಂಧವನ್ನು ಓದುವುದು ಕ್ಲೇಮಿನಲ್ಲಿ ಹಣ ಕಡಿತವಾದ ಮೇಲೆ. ಎಲ್ಲ ಕಂಪನಿಗಳೂ ಒಂದೇ ನಮೂನೆಯಲ್ಲಿ ಮಾರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿ, 2020ರ ಏಪ್ರಿಲ್‌ನಲ್ಲಿ ಜಾರಿಗೆ ತಂದ ‘ಆರೋಗ್ಯ ಸಂಜೀವನಿ’ ಪಾಲಿಸಿಗೂ ಅಂಥದೊಂದು ಅನುಬಂಧವಿದೆ. ಅದರ ಮೊದಲ ಪಟ್ಟಿಯಲ್ಲಿ ವಿಮೆ ಭರಿಸದ 68 ಬಾಬತ್ತುಗಳಿವೆ. ಸೌಂದರ್ಯ ಸೇವೆ, ಟಿ.ವಿ. ಶುಲ್ಕ, ಬಟ್ಟೆ ಒಗೆಸಿದ ಖರ್ಚು, ಮಿನರಲ್ ವಾಟರ್ ಎಲ್ಲ ಅಲ್ಲಿವೆ. ಇವಕ್ಕೆ ವಿಮೆ ಹಣ ಕೊಡಬೇಕೆಂದು ಯಾರೂ ವಾದಿಸಲಾರರು. ಆದರೆ ಅದೇ ಸಾಲಿನಲ್ಲಿ ನಿಂಬಸ್ ಬೆಡ್, ವಾಟರ್ ಬೆಡ್ ಅಥವಾ ಏರ್ ಬೆಡ್ ಶುಲ್ಕವೂ ಇದೆ. ಕದಲಲಾಗದ ರೋಗಿಯ ಬೆನ್ನು ಹುಣ್ಣಾಗದಂತೆ ಕಾಯುವ ಹಾಸಿಗೆಯನ್ನು ಟಿ.ವಿ. ಶುಲ್ಕದ ಜೊತೆಗೆ ಕೂರಿಸಿದ್ದು ತಪ್ಪು, ಅದನ್ನು ತಿದ್ದಬೇಕು ಎಂಬುದು ನನ್ನ ವಾದ.

ಹಾಸಿಗೆ ಹುಣ್ಣು ಹೇಗಾಗುತ್ತದೆ ಎಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತು. ಮೈಯ ಭಾರವೆಲ್ಲ ಸೊಂಟದ ಹಿಂಬದಿ, ಹಿಮ್ಮಡಿ, ಪಕ್ಕದ ಎಲುಬುಗಳ ಮೇಲೆ ಬಿದ್ದಾಗ ಎಲುಬು ಮತ್ತು ಹಾಸಿಗೆಯ ನಡುವೆ ಸಿಕ್ಕ ಚರ್ಮ, ಮಾಂಸಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ಆರೋಗ್ಯವಂತರು ನಿದ್ದೆಯಲ್ಲೂ ಹೊರಳುತ್ತಾರೆ. ಲಕ್ವಾ ಹೊಡೆದವರು, ಬೆನ್ನುಹುರಿಗೆ ಪೆಟ್ಟಾದವರು ಹೊರಳಲಾರರು. ಬೆನ್ನುಹುರಿಯ ರೋಗಿಗೆ ನೋವಿನ ಅರಿವೂ ಇರದ ಕಾರಣ ಹುಣ್ಣು ಎಲುಬಿಗೆ ಇಳಿಯುವವರೆಗೆ ಗೊತ್ತಾಗದೆ ಹೋಗಬಹುದು. ಬೆವರು, ಮೂತ್ರದ ತೇವ, ಸಕ್ಕರೆ ಕಾಯಿಲೆ, ಅಪೌಷ್ಟಿಕತೆ ಸೇರಿದರೆ ಚರ್ಮ ಬೇಗ ಸೋಲುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಬಾಗಲಕೋಟೆ ಸೀಮೆಯಲ್ಲಿ ಬೆವರಿಗೇನೂ ಬರವಿಲ್ಲ. ಇಳಕಲ್ಲಿನ ಸುತ್ತ ಗ್ರಾನೈಟ್ ಕ್ವಾರಿಗಳಿವೆ. ವಿಜಯಪುರದಿಂದ ಹುನಗುಂದ, ಇಳಕಲ್ ಹಾದು ಹೊಸಪೇಟೆಯತ್ತ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿ ಇದೆ. ಕಲ್ಲಿನ ಕೆಲಸವೂ ಹೆದ್ದಾರಿಯೂ ಇರುವಲ್ಲಿ ಬೆನ್ನುಮೂಳೆ ಮುರಿಯುವ ಅಪಾಯ ಇದ್ದೇ ಇರುತ್ತದೆ. ಅಂಥವರನ್ನು ಬಾಗಲಕೋಟೆಯ ಆಸ್ಪತ್ರೆಗೆ ಸೇರಿಸುತ್ತಾರೆ, ಶಸ್ತ್ರಚಿಕಿತ್ಸೆಯಾಗುತ್ತದೆ, ಡಿಸ್ಚಾರ್ಜ್ ಆಗುತ್ತದೆ. ಹುಣ್ಣಿನ ಅಪಾಯ ಮಾತ್ರ ಅವರ ಜೊತೆಗೇ ಮನೆಗೆ ಬಂದು ತಿಂಗಳುಗಟ್ಟಲೆ ಉಳಿಯುತ್ತದೆ.

ಪ್ರಾಧಿಕಾರಕ್ಕೆ ಇದು ತಿಳಿಯದ ವಿಷಯವೇನಲ್ಲ. 2013ರಲ್ಲಿ ಅದೇ ಹೊರಡಿಸಿದ ಪಟ್ಟಿಯಲ್ಲಿ ಈ ಬಾಬತ್ತಿನ ಎದುರು ಬೇರೆಯೇ ಟಿಪ್ಪಣಿಯಿತ್ತು: ಮೂರು ದಿನಕ್ಕಿಂತ ಹೆಚ್ಚು ಐಸಿಯುನಲ್ಲಿರುವ ರೋಗಿಗೆ, ಮತ್ತು ಯಾವ ಕಾರಣಕ್ಕೇ ಆಗಲಿ ಎರಡು ಕಾಲು ಇಲ್ಲವೇ ಕೈಕಾಲುಗಳ ಸ್ವಾಧೀನ ಕಳೆದುಕೊಂಡ ಎಲ್ಲ ರೋಗಿಗಳಿಗೆ, ದಿನಕ್ಕೆ ಸುಮಾರು 200 ರೂಪಾಯಿಯ ಸಮಂಜಸ ದರದಲ್ಲಿ ಕೊಡತಕ್ಕದ್ದು. ಎಷ್ಟು ವಿವೇಕದ ನಿಯಮ! ಯಾರಿಗೆ, ಯಾವಾಗ, ಎಷ್ಟು ಎಂಬ ಮೂರೂ ಅದರಲ್ಲಿದ್ದವು. ಮುಂದೆ ಪಟ್ಟಿಗಳನ್ನು ಸರಳಗೊಳಿಸುವಾಗ ಟಿಪ್ಪಣಿ ಬಿದ್ದುಹೋಯಿತು, ಬಾಬತ್ತು ಮಾತ್ರ ‘ಇಲ್ಲ’ ಎಂಬ ಪಟ್ಟಿಯಲ್ಲಿ ಉಳಿಯಿತು. ಕಂಪನಿಗಳು ಬೇಕಾದರೆ ಇದನ್ನು ಭರಿಸಬಹುದು, ತಡೆಯೇನಿಲ್ಲ. ಹಾಗೆ ಭರಿಸುವುದನ್ನು ಅವು ಹೆಚ್ಚುವರಿ ಕಂತಿನ ಪ್ರತ್ಯೇಕ ರಕ್ಷೆಯಾಗಿ ಮಾರುತ್ತವೆ. ಮೂಲ ಕಂತನ್ನೇ ಕಷ್ಟಪಟ್ಟು ಕಟ್ಟುವ ಬಾದಾಮಿಯ ರೈತನಿಗೆ ಅದು ಎಟುಕುವ ಮಾತಲ್ಲ.

ಸರ್ಕಾರಿ ಯೋಜನೆಗಳಲ್ಲೂ ಇದೇ ಓರೆ. ಆಯುಷ್ಮಾನ್ ಭಾರತದ ಕೇಂದ್ರ ಪ್ಯಾಕೇಜ್ ಪಟ್ಟಿಯಲ್ಲಿ, ಪ್ಲಾಸ್ಟಿಕ್ ಸರ್ಜರಿಯ ಅಡಿಯಲ್ಲಿ, ಹಾಸಿಗೆ ಹುಣ್ಣಿನ ಶಸ್ತ್ರಚಿಕಿತ್ಸೆಗೆ ಜಾಗವಿದೆ. ಡಿಸ್ಚಾರ್ಜ್ ನಂತರದ 15 ದಿನಗಳ ಔಷಧಕ್ಕೂ ಜಾಗವಿದೆ. ಆ ಶಸ್ತ್ರಚಿಕಿತ್ಸೆಯೇ ಬೇಡವಾಗುವಂತೆ ಮಾಡಬಲ್ಲ ಹಾಸಿಗೆಯನ್ನು ಮನೆಗೆ ಕೊಟ್ಟು ಕಳಿಸಲು ಜಾಗವಿಲ್ಲ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಜೀವ ಪಡೆದ ಯಶಸ್ವಿನಿಯೂ ಸಹಕಾರಿ ಸದಸ್ಯರ ಆಸ್ಪತ್ರೆ ಚಿಕಿತ್ಸೆಗೆ ಇರುವಂಥದ್ದು. ಹಣದ ಲೆಕ್ಕ ನೋಡಿ. ಪಂಪು ಸಹಿತ ಸಾಧಾರಣ ಗಾಳಿ ಹಾಸಿಗೆ ಸುಮಾರು ಮೂರು ಸಾವಿರ ರೂಪಾಯಿಗೆ ಸಿಗುತ್ತದೆ. 2013ರ ದರದಲ್ಲಿ ಹದಿನೈದು ದಿನದ ಬಾಡಿಗೆ ಎಂದರೂ ಅಷ್ಟೇ ಆಗುತ್ತದೆ. ಎಲುಬಿಗಿಳಿದ ಹುಣ್ಣನ್ನು ಕೆರೆದು, ಪಕ್ಕದ ಮಾಂಸ ತಿರುಗಿಸಿ ಮುಚ್ಚಿ, ವಾರಗಟ್ಟಲೆ ಒಳರೋಗಿಯಾಗಿ ಇರಿಸಿಕೊಳ್ಳುವ ಖರ್ಚು ಅದರ ಎಷ್ಟೋ ಪಟ್ಟು. ನಂಜು ರಕ್ತಕ್ಕೇರಿದರೆ ಜೀವವೇ ಹೋಗುತ್ತದೆ.

ಗಾಳಿ ಹಾಸಿಗೆ ನಿಜವಾಗಿ ಹುಣ್ಣು ತಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಬ್ರಿಟನ್ನಿನಲ್ಲಿ 2,029 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ, ಗಾಳಿ ತುಂಬಿ ಇಳಿಸುವ ಹಾಸಿಗೆಗೂ ಉತ್ತಮ ದರ್ಜೆಯ ಫೋಮ್ ಹಾಸಿಗೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದಕ್ಕೂ ಮೊದಲು, 2006ರಲ್ಲಿ, 1,972 ರೋಗಿಗಳ ಅಧ್ಯಯನದಲ್ಲಿ ಪೂರ್ತಿ ಗಾಳಿಯ ದುಬಾರಿ ಹಾಸಿಗೆಯವರಲ್ಲೂ, ಇದ್ದ ಹಾಸಿಗೆಯ ಮೇಲೆ ಹಾಸುವ ಅಗ್ಗದ ಗಾಳಿ ಹೊದಿಕೆಯವರಲ್ಲೂ ಹೆಚ್ಚುಕಡಿಮೆ ಶೇ 10ರಷ್ಟು ಮಂದಿಗೇ ಹುಣ್ಣಾಯಿತು. ಇವನ್ನು ಮುಂದಿಟ್ಟು ಹಾಸಿಗೆ ವ್ಯರ್ಥ ಎಂದುಬಿಡುವುದು ಅವಸರ. ಅಲ್ಲಿ ಹೋಲಿಸಿದ್ದು ಒಂದು ಒಳ್ಳೆಯ ಹಾಸಿಗೆಯನ್ನು ಇನ್ನೊಂದು ಒಳ್ಳೆಯ ಹಾಸಿಗೆಯೊಂದಿಗೆ. ನಮ್ಮಲ್ಲಿ ರೋಗಿ ಮಲಗುವುದು ಗಟ್ಟಿಯಾಗಿ ಹೋದ ಹತ್ತಿ ಗಾದಿಯ ಮೇಲೆ, ಇಲ್ಲವೇ ನೆಲಕ್ಕೆ ಹಾಸಿದ ಕೌದಿಯ ಮೇಲೆ. ಸಾಮಾನ್ಯ ಆಸ್ಪತ್ರೆ ಹಾಸಿಗೆಗಿಂತ ಉತ್ತಮ ಫೋಮ್ ಹಾಸಿಗೆ ಹುಣ್ಣನ್ನು ಕಡಿಮೆ ಮಾಡುತ್ತದೆಂದು ಕಾಕ್ರೇನ್ ಸಂಸ್ಥೆಯ 2015ರ ಪರಾಮರ್ಶೆ ಹೇಳಿದೆ. ಆದ್ದರಿಂದ ಈ ಅಧ್ಯಯನಗಳಿಂದ ನಮಗೆ ಸಿಗುವ ಪಾಠ ಮಿತವ್ಯಯದ್ದು: ದುಬಾರಿಯದೇ ಬೇಕಿಲ್ಲ, ಒಳ್ಳೆಯ ಫೋಮ್ ಆದರೂ ಸಾಕು. ಕರೆಂಟು ಹೋದರೆ ಪಂಪು ನಿಲ್ಲುವ ಹಳ್ಳಿಗಳಲ್ಲಿ ಫೋಮೇ ಮೇಲು.

ಹಾಸಿಗೆ ಇದ್ದರೂ ರೋಗಿಯನ್ನು ಹೊರಳಿಸಲೇಬೇಕು, ನಿಜ. ಎರಡು ಗಂಟೆಗೊಮ್ಮೆ ಎಂದರೆ ದಿನಕ್ಕೆ ಹನ್ನೆರಡು ಸಲ, ರಾತ್ರಿಯೂ ಸೇರಿ. ಇಳಕಲ್ ಸೀರೆ ನೇಯುವ ಮನೆಯಲ್ಲಿ ಒಬ್ಬರು ನೇಯುತ್ತಾರೆ, ಇನ್ನೊಬ್ಬರು ನೂಲು ಸುತ್ತುತ್ತಾರೆ. ಇಬ್ಬರಲ್ಲಿ ಒಬ್ಬರು ರೋಗಿಯ ಪಕ್ಕ ಕೂತರೆ ಮಗ್ಗ ನಿಲ್ಲುತ್ತದೆ. ಆರೈಕೆಯ ಈ ಭಾರ ಬಹುಪಾಲು ಹೆಂಗಸರ ಮೇಲೆ ಬೀಳುತ್ತದೆ, ಅದಕ್ಕೆ ಯಾವ ಬಿಲ್ಲೂ ಇಲ್ಲ. ಹೊರಳಿಸುವುದು ತಪ್ಪಿಹೋದ ಒಂದು ರಾತ್ರಿಯ ಹಾನಿಯನ್ನು ಹಾಸಿಗೆ ತಗ್ಗಿಸಿದರೂ ಅದು ತನ್ನ ಬೆಲೆ ತೀರಿಸಿದಂತೆ.

ಸುಳ್ಳು ಬಿಲ್ಲುಗಳ ಭಯವನ್ನು ಕಂಪನಿಗಳು ಮುಂದಿಡಬಹುದು. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಮನೆಬಳಕೆಯ ವೈದ್ಯಕೀಯ ಉಪಕರಣಗಳಲ್ಲಿ ಇಂಥ ವಂಚನೆಯನ್ನು ಸಾಕಷ್ಟು ಕಂಡಿದೆ. ಆದರೂ ಅದು ಹಾಸಿಗೆಗಳನ್ನು ಕೈಬಿಟ್ಟಿಲ್ಲ. ಅವನ್ನು ಮೂರು ಗುಂಪು ಮಾಡಿ, ಯಾವ ಸ್ಥಿತಿಯ ರೋಗಿಗೆ ಯಾವುದು ಎಂದು ಗೊತ್ತುಮಾಡಿ, ವೈದ್ಯರ ಆದೇಶವಿದ್ದರೆ ಒಪ್ಪಿತ ದರದ ಶೇ 80ರಷ್ಟು ಕೊಡುತ್ತದೆ. ಜೊತೆಗೆ, ಆಸ್ಪತ್ರೆಯಲ್ಲಿದ್ದಾಗಲೇ ಆದ ಮೂರು, ನಾಲ್ಕನೇ ಹಂತದ ಹುಣ್ಣಿಗೆ ಆಸ್ಪತ್ರೆಗೆ ಹೆಚ್ಚಿನ ಹಣ ಕೊಡುವುದನ್ನು 2008ರ ಅಕ್ಟೋಬರ್‌ನಿಂದ ನಿಲ್ಲಿಸಿದೆ. ನಮಗೂ ಎರಡೂ ಬೇಕು. ಖರೀದಿಯೇ ಆಗಬೇಕೆಂದೂ ಇಲ್ಲ. 2008ರಲ್ಲಿ ಉಪಶಾಮಕ ಆರೈಕೆಯ ನೀತಿ ತಂದ ಕೇರಳದಲ್ಲಿ ಪಂಚಾಯಿತಿ ಮಟ್ಟದ ಘಟಕಗಳು ಇಂಥ ಹಾಸಿಗೆಗಳನ್ನು ಎರವಲು ಕೊಟ್ಟು, ಹಿಂದಕ್ಕೆ ಪಡೆದು, ತೊಳೆದು ಮತ್ತೊಬ್ಬರಿಗೆ ಕೊಡುತ್ತವೆ. ಬಾದಾಮಿ, ಹುನಗುಂದ, ಇಳಕಲ್ಲಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಇದು ಆಗದ ಕೆಲಸವಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಮು, ಆದಾಯ ಮಿತಿಯೊಳಗಿನವರಿಗೆ ಸಾಧನ ಸಲಕರಣೆಗಳನ್ನು ಉಚಿತವಾಗಿ ಒದಗಿಸುವ ಯೋಜನೆ ಇರಬೇಕು ಎನ್ನುತ್ತದೆ. ಹಾಗಾಗಿ ಇದು ದಯೆಯ ಬೇಡಿಕೆಯಲ್ಲ. ವಿಮಾ ಪ್ರಾಧಿಕಾರ 2013ರ ಟಿಪ್ಪಣಿಯನ್ನು ಇಂದಿನ ದರಕ್ಕೆ ಹೊಂದಿಸಿ ಮರಳಿ ತರಲಿ, ಡಿಸ್ಚಾರ್ಜ್ ನಂತರದ ಅರವತ್ತು ದಿನಗಳಿಗೂ ಅದನ್ನು ಹಿಗ್ಗಿಸಲಿ. ರಾಜ್ಯದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಬೆನ್ನುಹುರಿ ಮತ್ತು ಲಕ್ವಾ ಪ್ಯಾಕೇಜುಗಳಿಗೆ ಒಂದು ಹಾಸಿಗೆಯನ್ನು ಸೇರಿಸಲಿ. ಬಾಗಲಕೋಟೆ ಜಿಲ್ಲೆಯ ಶಾಸಕರು ಮುಂದಿನ ಅಧಿವೇಶನದಲ್ಲಿ ಇದನ್ನು ಕೇಳಲಿ. ಓದುಗರು ಅಲ್ಲಿಯವರೆಗೆ ಒಂದು ಕೆಲಸ ಮಾಡಬಹುದು: ಪಾಲಿಸಿ ನವೀಕರಿಸುವ ಮುನ್ನ ಅನುಬಂಧದ ಮೊದಲ ಪಟ್ಟಿ ತೆಗೆದು ಓದಿ, ಏರ್ ಬೆಡ್ ಅಲ್ಲಿದ್ದರೆ ಏಕೆ ಎಂದು ಕಂಪನಿಯನ್ನು ಬರಹದಲ್ಲಿ ಕೇಳಿ.